ಕಣಿವೆಯ ಬುಡೇನ್ ಸಾಬ್ ಕಿಡಿ ಹುಡುಕಿದ್ದು

ಭಾಳ ಹಿಂದೆ ಕಣ್ರೇ, ಕಣಿವೆ ರಸ್ತೆಗೆ ಇನ್ನೂ ಜಲ್ಲಿ ಸೈತ ಬೀಳದೆ ಇದ್ದ ಕಾಲದಾಗೆ, ಕಣಿವೆ ಬುಡಕ್ಕೆ ಒಂದೂರಿತ್ತು. ಊರು ಅಂದ್ರೆ ಏನ್ ಮಹಾ ಊರು, ನಾಕು ಗುಡಿಸ್ಲು, ಒಂದು ಬೇವಿನ ಮರ, ಕಣಿವೆ ಚೌಡಮ್ಮನ ಕಟ್ಟೆ, ಕಟ್ಟೆ ಪಕ್ಕಕ್ಕೊಂದು ತಗಡಿನ ಶೆಡ್ಡು. ಆ ಶೆಡ್ಡಿನಾಗೆ ಇದ್ದೋನು ಬುಡೇನ್ ಸಾಬ್. ಲಾರಿ ರಿಪೇರಿ ಅವನ ಕಸುಬು. ಕೈ ನಿಲ್ಲಿಸ್ಬ್ಯಾಡ್ರೇ, ಹುಣಸೆಹಣ್ಣು ಕುಟ್ತಾ ಕುಟ್ತಾನೇ ಕೇಳ್ರಿ. ಬೀಜ ತೆಗೆಯೋದು ಬಿಟ್ಟು ಹಣ್ಣು ಬಾಯಿಗೆ ಹಾಕ್ಕಳೋಳು ಯಾರು ಅಂತ ನಂಗೆ ಕಾಣ್ತಾ ಐತೆ.

ಆವಾಗಿನ ಲಾರಿಗಳು ಪೆಟ್ರೋಲಿಂದು. ಪೆಟ್ರೋಲು ಒಂದಿದ್ರೆ ಸಾಲದು, ಒಳಗೆ ಕಿಡಿ ಹಾರ್ಬೇಕು. ಕಿಡಿ ಹಾರಿದ್ರೆ ಎಂಜಿನ್ನು, ಹಾರದಿದ್ರೆ ಕಬ್ಬಿಣದ ಗುಡ್ಡೆ. ಆ ಕಿಡಿ ಎಲ್ಲಿ ತಪ್ಪಿಸ್ಕಂಡೈತೆ ಅಂತ ಹುಡುಕೋದ್ರಲ್ಲಿ ಬುಡೇನ್ ಸಾಬನ್ನ ಮೀರ್ಸೋರು ಸುತ್ತ ಹೋಬಳಿಯಾಗೆ ಯಾರೂ ಇರ್ಲಿಲ್ಲವಂತೆ. ಲಾರಿ ಕಣಿವೆ ಇಳೀತಾ ಇರುವಾಗ್ಲೇ, ಸದ್ದು ಕೇಳಿ, ಯಾವ ಪ್ಲಗ್ಗು ಸತ್ತೈತೆ ಅಂತ ಕುಂತಲ್ಲಿಂದ್ಲೇ ಹೇಳೋನಂತೆ. ಬೀಡಿ ಹಚ್ಚಾಕೆ ಬೆಂಕಿಪೊಟ್ಟಣ ಇಟ್ಕಂತಿರ್ಲಿಲ್ಲವಂತೆ, ಪ್ಲಗ್ಗಿನ ಕಿಡಿಗೇ ಬೀಡಿ ಹಿಡಿಯೋನಂತೆ. ಮಳೆಗಾಲದಾಗೆ ಗುಡ್ಡದ ಮ್ಯಾಲೆ ಮಿಂಚು ಹೊಡೆದ್ರೆ ತಲೆ ಎತ್ತಿ ನೋಡಿ, ಕಿಡಿ ಹುಟ್ಟಿಸೋ ಪಾಯಿಂಟು ಸರಿಯಾಗಿ ಕೂಡ್ತಾ ಐತೆ ಅನ್ನೋನಂತೆ. ಕರೆಂಟು ಐತೋ ಇಲ್ವೋ ಅಂತ ವೈರನ್ನ ನಾಲಿಗೆಗೆ ಇಟ್ಕಂಡು ನೋಡೋನು ಅಂತಾನೂ ಅಂತಾರೆ. ಅದೊಂದು ಮಾತ್ರ ಸುಳ್ಳು. ನಾಲಿಗೆಗೆ ಇಟ್ಕಂಡಿದ್ರೆ ಅವನು ಅಷ್ಟೊಂದು ಮಾತಾಡಾಕೆ ಆಗ್ತಿತ್ತಾ? ಅವನ ಬಾಯಿ ಅಂತೂ ಒಂದು ಗಳಿಗೆ ಸುಮ್ಕಿರ್ತಿರ್ಲಿಲ್ಲವಂತೆ.

ಇನ್ನೊಂದು ಹೇಳ್ತಾರೆ, ಅದು ನಿಜ. ಕಿಡಿ ನೋಡ್ಬೇಕು ಅಂದ್ರೆ ಬುಡೇನ್ ಸಾಬ್ ಒಬ್ನೇ ನೋಡ್ತಿರ್ಲಿಲ್ಲ. ಲಾರಿಯಾಗೆ ಬಂದೋರನ್ನೆಲ್ಲಾ ಇಳಿಸಿ, ಸಾಲಾಗಿ ನಿಲ್ಲಿಸಿ, ಒಬ್ಬರ ಕೈ ಒಬ್ಬರು ಹಿಡ್ಕಳ್ರಿ ಅನ್ನೋನು. ಪ್ಲಗ್ಗುಗಳ ವೈರೆಲ್ಲಾ ಕಿತ್ತು, ಒಂದು ಅವನ ಕೈಯಾಗೆ. ಸಾಲಿನ ಆ ಕೊನೇಲಿ ಇರೋರು ಲಾರಿ ಮೈ ಮುಟ್ಕಂಡು ನಿಲ್ಬೇಕು. ಮುಂದಿನಿಂದ ಡ್ರೈವರು ಎಂಜಿನ್ನು ತಿರುಗ್ಸೋ ಹ್ಯಾಂಡ್ಲು ಹೊಡೆದ್ರೆ, ಕಿಡಿ ಇದ್ರೆ ಸಾಲಿಗೆ ಸಾಲೇ ನೆಗೆದು ಬೀಳೋದು. ನೆಗೀದಿದ್ರೆ ಕಿಡಿ ಇಲ್ಲ. ಅವನಿಗೆ ಅದೊಂದು ಆಟ. ಜೋರು ಏಟು ತಿನ್ನೋನು ವೈರು ಹಿಡ್ದೋನೇ ತಾನೆ, ಅವನೇ ಹಿಡಿಯೋನು, ಅವನೇ ನಗೋನು.

ಇಂಥಾ ಬುಡೇನ್ ಸಾಬ್ ಇದ್ದ ಕಾಲದಾಗೆ, ಕಣಿವೆಯಿಂದ ಈಚೆಗೆ ಒಂದೂರಿನಾಗೆ ಸಣ್ಣೀರಿ ಅಂತ ಒಬ್ಬ ಹುಡುಗಿ. ನೋಡಾಕೆ ಲಕ್ಷಣವಾಗಿದ್ಲು, ದುಡಿಯಾಕೆ ಗಟ್ಟಿ. ಆದ್ರೆ ಹಣೆಬರಹ ನೋಡ್ರಿ. ಒಂದು ಕಡೆ ಒಪ್ಪಂದ ಆಗಿ, ವೀಳ್ಯ ಬದ್ಲಾಯಿಸಿ, ಇನ್ನೇನು ಮದುವೆ ಅನ್ನೋ ಹೊತ್ತಿಗೆ ಆ ಗಂಡಿನ ಮನೆ ಎತ್ತು ಸತ್ತೋತು. ಮುದಿ ಎತ್ತು ಕಣ್ರೇ, ಇವತ್ತಲ್ಲ ನಾಳೆ ಸಾಯೋದೇ. ಆದ್ರೆ ಅವರು ಬಿಟ್ರಾ? ಹೆಣ್ಣಿನ ಕಾಲ್ಗುಣ ಸರಿ ಇಲ್ಲ ಅಂತ ವೀಳ್ಯ ವಾಪಸ್ ಕಳಿಸಿಬಿಟ್ರು. ಎತ್ತಿಗೆ ವಯಸ್ಸಾಗಿದ್ರೆ ಹುಡುಗಿ ಏನ್ ಮಾಡ್ತಾಳೆ? ನಂಗೆ ಈಗ್ಲೂ ಹೊಟ್ಟೆ ಉರಿಯುತ್ತೆ. ಆಮ್ಯಾಕೆ ವರ್ಷಗಟ್ಲೆ ಆ ಮನೆ ಕಡೆ ಯಾರೂ ಹೆಣ್ಣು ಕೇಳಾಕೆ ಬರ್ಲಿಲ್ಲ. ಕಡೀಗೆ ಕಣಿವೆ ಆಚೆ ಊರಿಂದ ಒಂದು ಸಂಬಂಧ ಬಂತು. ಹುಡುಗ ಒಳ್ಳೇನು. ಸಣ್ಣೀರಿ ಅವ್ವ ಚೌಡಮ್ಮಗೆ ಅಡ್ಡಬಿದ್ಲು. ಇದೂ ಮುರಿದ್ರೆ ನನ್ನ ಮಗಳ ಕೈಗೆ ಅರಿಶಿಣ ಹತ್ತಲ್ಲ ಅನ್ನೋದು ಆಕೆಗೆ ಗೊತ್ತಿತ್ತು. ಸಣ್ಣೀರಿಗೂ ಗೊತ್ತಿತ್ತು.

ಗಂಡಿನ ಸೋದರಮಾವ ಜಂಪಣ್ಣ. ಲಾರಿ ಇದ್ದ ಮನುಷ್ಯ. ಮಿಲಿಟ್ರಿಯೋರು ಹರಾಜು ಹಾಕಿದ್ದ ಹಳೇ ಲಾರಿ, ಮರದ ಬಾಡಿ, ಮೂತಿ ಉದ್ದಕ್ಕೆ. ಅದಕ್ಕೆ ಗಜಲಕ್ಷ್ಮಿ ಅಂತ ಹೆಸರಿಟ್ಟಿದ್ದ. ಅವನ ಭಕ್ತಿ ಏನು ಅಂತೀರಿ, ಬೆಳಗಾದ್ರೆ ಲಾರಿಗೆ ಊದುಬತ್ತಿ, ಶುಕ್ರವಾರ ಕಾಯಿ, ಅಮಾಸೆಗೆ ಕುಂಬಳಕಾಯಿ. ಹೆಂಡ್ತಿಗೆ ಒಂದು ಮೊಳ ಹೂವ ತಂದೋನಲ್ಲ, ಲಾರಿಗೆ ಮಾರುಗಟ್ಲೆ ಹೂವ. ಆ ಲಾರಿ ತಗಂಡು ಅವನೇ ಹೆಣ್ಣಿನೋರನ್ನ ಕರ್ಕಂಡು ಹೋಗಾಕೆ ಬಂದ. ಮದುವೆ ಗಂಡಿನ ಮನೇಲಿ, ಗೋಧೂಳಿ ಲಗ್ನ. ಸಂಜೆ ದನ ಮನೆಗೆ ಬರೋ ಹೊತ್ತಿಗೆ ತಾಳಿ ಬೀಳ್ಬೇಕು. ಬೆಳಗ್ಗೆ ಬುತ್ತಿ ಉಂಡು, ಹಾಡು ಹೇಳ್ಕಂತಾ, ಹೆಣ್ಣಿನ ಕಡೆಯೋರು, ಕರ್ಕಂಡು ಹೋಗಾಕೆ ಬಂದಿದ್ದ ಗಂಡಿನ ಕಡೆಯೋರು, ಎಲ್ಲಾ ಲಾರಿ ತುಂಬ ಹತ್ತಿದ್ರು. ಸಣ್ಣೀರಿನ ಕಡೀಗೆ ಹತ್ತಿಸಿದ್ರು.

ಕಣಿವೆ ಬುಡಕ್ಕೆ ಬಂದ್ರು. ಅಲ್ಲಿ ಒಂದು ಪದ್ಧತಿ. ಯಾವ ಗಾಡಿ ಆಗ್ಲಿ, ಕಣಿವೆ ಹತ್ತೋ ಮುಂಚೆ ಎಂಜಿನ್ನು ಆರಿಸಿ, ಚೌಡಮ್ಮಗೆ ಕಾಯಿ ಒಡ್ದು, ಗಾಡಿಗೂ ಪೂಜೆ ಮಾಡ್ಕಂಡೇ ಹತ್ತಬೇಕು. ಡ್ರೈವರು ಮೈಲಾರಿ ಲಾರಿ ಆರಿಸಿ, ರೇಡಿಯೇಟ್ರಿಗೆ ನೀರು ತರಾಕೆ ಹಳ್ಳಕ್ಕೆ ಹೋದ. ಹೆಂಗಸ್ರು ಕಟ್ಟೆ ಸುತ್ತಿದ್ರು. ಜಂಪಣ್ಣ ಲಾರಿ ಪೂಜೆಗೆ ನಿಂತ. ಕಾಯಿ ಒಡ್ದಾತು, ಮಂಗಳಾರತಿ ಆತು, ಎಲ್ಲಾ ಹತ್ತಿದ್ರು. ಮೈಲಾರಿ ಸ್ವಿಚ್ಚು ತಿರುಗಿಸಿ ಇಳಿದು ಹ್ಯಾಂಡ್ಲು ಹೊಡೆದ. ಲಾರಿ ಕಮಕ್ ಕಿಮಕ್ ಅನ್ಲಿಲ್ಲ. ಇನ್ನೊಂದ್ಸಲ ಹೊಡೆದ. ಅಂಗಿ ಬಿಚ್ಚಿಟ್ಟು ಹೊಡೆದ. ಗಂಡಸ್ರೆಲ್ಲಾ ಇಳಿದು ಒಬ್ಬೊಬ್ಬರೇ ಹೊಡೆದ್ರು. ಎಲ್ಲರ ರಟ್ಟೆ ಬಿದ್ದೋತು, ಲಾರಿ ಮಾತ್ರ ಸುಮ್ಕೇ ನಿಂತಿತ್ತು.

ಬಿಸಿಲು ಏರಿತು. ಹಾಡು ನಿಂತೋತು. ಅವಾಗ ಜಂಪಣ್ಣ ಹೆಗಲ ಮ್ಯಾಲಿನ ಟವೆಲ್ ಕೊಡವಿ, ಎಲ್ಲಾರ್ಗೂ ಕೇಳೋಹಂಗೆ ಆ ಮಾತು ಅಂದೇಬಿಟ್ಟ.

"ನನ್ನ ಗಜಲಕ್ಷ್ಮಿ ಒಂದಿನ ನಡು ದಾರೀಲಿ ನಿಂತೋಳಲ್ಲ. ಇವತ್ತು ಹೊಸದಾಗಿ ಕಾಲಿಟ್ಟೋರು ಯಾರು ಅಂತ ನೀವೇ ನೋಡ್ಕಳ್ರಿ."

ಎಲ್ಲಾರೂ ಸಣ್ಣೀರಿ ಕಾಲು ನೋಡಿದ್ರು. ಆಕೆ ಸೀರೆ ನೆರಿಗೆ ಎಳೆದು ಕಾಲು ಮುಚ್ಕಂಡ್ಲು. ಗಂಡಿನ ಕಡೆಯೋರು ಅತ್ಲಾಗೆ ಹೋಗಿ ಗುಸುಗುಸು ಹಚ್ಚಿದ್ರು. ಆ ಎತ್ತಿನ ಸುದ್ದಿ ಯಾರ ಬಾಯಿಂದಾನೋ ಹೊರಗೆ ಬಂತು. ಹಿಂಗಾದ್ರೆ ವಾಪಸ್ ಹೋಗೋದೇ ಒಳ್ಳೇದು ಅಂತ ಒಬ್ಬ, ಹೌದು ಅಂತ ಇನ್ನೊಬ್ಬ. ಸಣ್ಣೀರಿ ಅವ್ವ ಕಟ್ಟೆ ಮ್ಯಾಲೆ ಕುಂತು ಸೆರಗು ಬಾಯಿಗೆ ಹಿಡ್ಕಂಡ್ಲು. ಅಳಾಕೂ ಹೆದರಿಕೆ, ಅತ್ರೆ ಅಪಶಕುನ ಅಂತಾರಲ್ಲ.

ಶೆಡ್ಡಿನಾಗೆ ಕುಂತಿದ್ದ ಬುಡೇನ್ ಸಾಬ್ ಇಷ್ಟೂ ಕೇಳಿಸ್ಕಂಡಿದ್ನಂತೆ. ಮೈಲಾರಿ ಕರೆಯಾಕೆ ಬರೋದ್ರೊಳಗೆ ಎದ್ದು ಬಂದ. ಬಂದೋನೇ ಲಾರಿ ಮುಟ್ಟಲಿಲ್ಲ. ಕೊನೇ ಸಲ ಲಾರಿ ಓಡಿದ್ದು ಯಾವಾಗ ಅಂತ ಕೇಳಿದ. ಇಲ್ಲಿಗೆ ಬರೋವರ್ಗೂ ಓಡಿದೆ ಅಂದ್ರು. ಹಂಗಾದ್ರೆ ನಿಂತ ಮ್ಯಾಲೆ ಲಾರಿಗೆ ಏನು ಮಾಡಿದ್ರಿ ಅಂದ. ಏನೂ ಮಾಡಿಲ್ಲ ಅಂದ್ರು. ಜಂಪಣ್ಣನೂ ಏನೂ ಮಾಡಿಲ್ಲ ಅಂದ. ಅವನು ಸುಳ್ಳು ಹೇಳ್ಲಿಲ್ಲ ಕಣ್ರೇ. ಅವನ ಮನಸ್ನಾಗೆ ಏನೂ ಮಾಡಿರ್ಲಿಲ್ಲ.

ಬುಡೇನ್ ಸಾಬ್ ಬಾನೆಟ್ಟು ಎತ್ತಿ ಮೂಸಿದ. ಪೆಟ್ರೋಲು ಘಮ್ಮಂತಾ ಇತ್ತು. ಹಾರನ್ನು ಒತ್ತಿದ, ಕೂಗ್ತು. ಬ್ಯಾಟ್ರಿ ಐತೆ, ಪೆಟ್ರೋಲೈತೆ, ಕಿಡಿ ಐತೋ ನೋಡನ, ಎಲ್ಲಾ ಕೈ ಹಿಡ್ಕಳ್ರಿ ಅಂದ. ಮದುವೆ ದಿಬ್ಬಣ ಅಷ್ಟೂ ರಸ್ತೆ ಉದ್ದಕ್ಕೆ ಸಾಲಾಗಿ ನಿಂತ್ರು. ಸಣ್ಣೀರಿ ದೂರಕ್ಕೆ ನಿಂತಿದ್ಲು. ಆಕೆನೂ ಬರ್ಬೇಕು, ಲಾರಿಯಾಗೆ ಬಂದೋರೆಲ್ಲಾ ಸಾಲಿನಾಗೆ ಇರ್ಬೇಕು, ಅದು ನನ್ನ ಶೆಡ್ಡಿನ ಪದ್ಧತಿ ಅಂದ ಬುಡೇನ್ ಸಾಬ್. ಆಕೆ ಬಂದ್ಲು. ಬಂದ್ರೆ ಆಕೆ ಕೈ ಹಿಡಿಯೋರು ಯಾರು? ಗಂಡಿನ ಕಡೆ ಹೆಂಗಸ್ರು ಅತ್ಲಾಗೆ ಇತ್ಲಾಗೆ ನೋಡಿದ್ರು. ಕಡೀಗೆ ಆಕೆ ಅವ್ವನೇ ಕಟ್ಟೆಯಿಂದ ಇಳಿದು ಬಂದು ಮಗಳ ಕೈ ಹಿಡ್ಕಂಡ್ಲು. ಸಣ್ಣೀರಿ ಇನ್ನೊಂದು ಕೈನ ಲಾರಿ ಮಡ್ಗಾರ್ಡ್ ಮ್ಯಾಲೆ ಇಟ್ಲು. ಮೈಲಾರಿ ಹ್ಯಾಂಡ್ಲು ಹೊಡೆದ. ಯಾರೂ ನೆಗೀಲಿಲ್ಲ. ಒಂದು ಬೆರಳೂ ಜುಮ್ ಅನ್ಲಿಲ್ಲ.

ಕಿಡಿ ಇಲ್ಲ ಅಂದ ಬುಡೇನ್ ಸಾಬ್. ಇಲ್ಲ ಅಂದಮ್ಯಾಲೆ ಎಲ್ಲೋ ಕುಂತೈತೆ, ಕಿಡಿಗೆ ಕಾಲಿಲ್ಲ, ಅದು ಯಾರ ಕಾಲೂ ನೋಡಿ ಓಡಿಹೋಗಲ್ಲ ಅಂದ. ಜಂಪಣ್ಣನ ಮಖ ಬಿಗೀತು.

ಆಮ್ಯಾಲೆ ಅವನು ಬ್ಯಾಟ್ರಿಯಿಂದ ವೈರು ಹಿಡ್ಕಂಡು ಹೊಂಟ ನೋಡ್ರಿ, ಕಳೆದೋದ ಕುರಿ ಜಾಡು ಹಿಡಿದಂಗೆ. ಒಂದು ಸಣ್ಣ ಬಲ್ಬಿಗೆ ಎರಡು ವೈರು ಕಟ್ಟಿಟ್ಟಿದ್ದ. ಕಿಡಿಗೆ ಬಲ ಕೊಡೋ ಕಾಯಿಲ್ ಅನ್ನೋ ಡಬ್ಬಿಗೆ ಕರೆಂಟು ಬರೋ ಕಡೆ ಮುಟ್ಟಿಸಿದ, ಬಲ್ಬು ಹತ್ತಿತು. ಇಲ್ಲಿಗಂಟ ಬಂದೈತೆ ಅಂದ. ಕಾಯಿಲ್ಲಿಂದ ಆಚೆ ಹೋಗೋ ಕಡೆ ಮುಟ್ಟಿಸಿ, ಮೈಲಾರಿಗೆ ಹ್ಯಾಂಡ್ಲು ತಿರುಗ್ಸು ಅಂದ. ಮುಂದೆ ಪಾಯಿಂಟು ಅಂತ ಎರಡು ಸಣ್ಣ ತುಟಿ ಇರ್ತವೆ, ಹ್ಯಾಂಡ್ಲು ತಿರುಗಿದಂಗೆ ಅವು ಕೂಡ್ತವೆ, ಬಿಡ್ತವೆ, ಬಿಡುವಾಗ ಕಿಡಿ ಹುಟ್ಟುತ್ತೆ. ಅವು ಕೂಡಿದ್ರೆ ಬಲ್ಬು ಆರುತ್ತೆ, ಬಿಟ್ರೆ ಹತ್ತುತ್ತೆ, ಸರಿಯಾಗಿದ್ರೆ ಹತ್ತಿ ಆರಿ, ಹತ್ತಿ ಆರಿ ಮಾಡ್ಬೇಕು. ಇಲ್ಲಿ ಬಲ್ಬು ಆರಲೇ ಇಲ್ಲ, ಹತ್ತಿದ್ದು ಹತ್ತಿದಂಗೇ ಇತ್ತು. ಬುಡೇನ್ ಸಾಬ್ ನಕ್ಕ. ತುಟಿ ಕೂಡ್ತಾ ಇಲ್ಲ, ನಡುವೆ ಯಾರೋ ಕುಂತವ್ರೆ ಅಂದ.

ಪಾಯಿಂಟಿನ ಮ್ಯಾಲೆ ಒಂದು ಕರೀ ಮುಚ್ಚಳ. ಅದರ ಎರಡು ಕ್ಲಿಪ್ಪು ಬಿಚ್ಚಿ ಎತ್ತಿದ. ಒಳಗೆ ನೋಡಿದ್ರೆ ಶುಕ್ರವಾರದ ಗುಡಿ. ತುಪ್ಪದಾಗೆ ಕಲೆಸಿದ ಅರಿಶಿಣ, ಅದರ ಮ್ಯಾಲೆ ಕುಂಕುಮ, ಕುಂಕುಮದ ಮ್ಯಾಲೆ ಒಂದು ಅಕ್ಷತೆ ಕಾಳು. ಪಾಯಿಂಟಿನ ಎರಡು ತುಟಿ ನಡುವೆ ಒತ್ತಿ ಒತ್ತಿ ಹಚ್ಚಿದ್ದು.

ಆಗಿದ್ದು ಇಷ್ಟೇ. ಹಿಂದೆ ಯಾವಾಗ್ಲೋ ಮೈಲಾರಿ ಆ ಮುಚ್ಚಳ ಬಿಚ್ಚಿದಾಗ, ಲಾರಿ ಬೆಂಕಿ ಹುಟ್ಟೋದು ಇಲ್ಲೇ ಅಂತ ಜಂಪಣ್ಣಗೆ ತೋರಿಸಿದ್ನಂತೆ. ಅವತ್ತಿಂದ ಜಂಪಣ್ಣನ ತಲೇಲಿ ಅದು ಕುಂತಿತ್ತು. ಚಕ್ರಕ್ಕೆ ಕುಂಕುಮ, ಸ್ಟೇರಿಂಗಿಗೆ ಕುಂಕುಮ, ದೀಪಕ್ಕೆ ಕುಂಕುಮ, ಬೆಂಕಿ ಹುಟ್ಟೋ ಗರ್ಭಗುಡಿಗೆ ಮಾತ್ರ ಇಲ್ಲವಲ್ಲ ಅಂತ. ಅಳಿಯನ ಮದುವೆ, ಕಣಿವೆ ಬ್ಯಾರೆ ಹತ್ತಬೇಕು, ಇವತ್ತು ಒಂಚೂರೂ ಕಮ್ಮಿ ಆಗ್ಬಾರ್ದು ಅಂತ ಭಕ್ತಿಯಿಂದ ಮುಚ್ಚಳ ತೆಗೆದು ಹಚ್ಚಿಬಿಟ್ಟಿದ್ದ. ಪೂಜೆ ಅಂದ್ರೆ ಲಾರಿಗೆ ಏನೋ ಮಾಡಿದಂಗೆ ಅಂತ ಅವನಿಗೆ ಹೊಳೀಲೇ ಇಲ್ಲ. ಪೂಜೆಯಿಂದ ಕೆಡುತ್ತಾ ಯಾವುದಾದ್ರೂ? ಪಾಪ, ಅವನ ಲೆಕ್ಕ ಅದು.

ಈಗ ಬುಡೇನ್ ಸಾಬ್ ಏನ್ ಮಾಡ್ಬೇಕಿತ್ತು ಹೇಳ್ರಿ. ಎಲ್ಲಾರ್ನೂ ಕರೆದು ತೋರಿಸಿದ್ರೆ, ಜಂಪಣ್ಣನ ಮಾನ ರಸ್ತೆ ಮ್ಯಾಲೆ ಹೋಗುತ್ತೆ, ಆ ಸಿಟ್ಟು ನಾಳೆ ಆ ಹುಡುಗಿ ತಲೆ ಮ್ಯಾಲೇ ಬೀಳುತ್ತೆ. ಬಾಯಿ ಮುಚ್ಕಂಡು ಒರೆಸಿ ಲಾರಿ ಸ್ಟಾರ್ಟ್ ಮಾಡಿಕೊಟ್ರೆ, ಕಾಲ್ಗುಣದ ಮಾತು ಸಾಯೋವರ್ಗೂ ಆಕೆ ಹಿಂದೆ ಬರುತ್ತೆ. ಅದಕ್ಕೆ ಅವನು ಮುಚ್ಚಳ ಮೆಲ್ಲಗೆ ಮುಚ್ಚಿ, ಜಂಪಣ್ಣನೊಬ್ಬನ್ನೇ ಹತ್ರಕ್ಕೆ ಕರೆದ. ಬಾನೆಟ್ಟಿನೊಳಗೆ ಇಬ್ಬರೂ ತಲೆ ಹಾಕಿದ್ರು. ಮುಚ್ಚಳ ಎತ್ತಿ ತೋರಿಸಿದ. ಅವಾಗ ಬುಡೇನ್ ಸಾಬ್ ಅಂದದ್ದನ್ನ ನಮ್ಮ ಕಡೆ ಈಗ್ಲೂ ಹೇಳ್ತಾರೆ.

"ಗೌಡ್ರೇ, ಪೂಜೆ ಮಾಡಿದ್ದು ತಪ್ಪಲ್ಲ. ಆದ್ರೆ ತಾಯಿ ಕಣ್ಣೊಳಗೇ ಕುಂಕುಮ ಹಾಕಿದ್ರೆ ಆಕೆ ಹೆಂಗೆ ದಾರಿ ನೋಡ್ಬೇಕು? ಒರೆಸೋದು ನನ್ನ ಕೆಲಸ, ಒರೆಸ್ತೀನಿ. ಆ ಹುಡುಗಿಗೆ ಹಚ್ಚಿದ್ದನ್ನ ಒರೆಸೋದು ನನ್ನ ಕೈಯಾಗಿಲ್ಲ."

ಜಂಪಣ್ಣ ಭಾಳ ಹೊತ್ತು ಬಾನೆಟ್ಟಿನೊಳಗೇ ತಲೆ ಇಟ್ಕಂಡಿದ್ನಂತೆ. ಒಳಗೇ ಅತ್ತ ಅಂತ ಕೆಲವರು ಹೇಳ್ತಾರೆ, ಪೆಟ್ರೋಲು ವಾಸನೆಗೆ ಕಣ್ಣು ಕೆಂಪಾಗಿತ್ತು ಅಂತ ಅವನ ಮನೆಯೋರು ಹೇಳ್ತಾರೆ. ಏನಾದ್ರೂ ಆಗ್ಲಿ, ಮನುಷ್ಯ ದೊಡ್ಡೋನು ಅಂತ ನಾನು ಹೇಳ್ತೀನಿ. ತಲೆ ಹೊರಗೆ ತೆಗೆದು, ಮುಚ್ಚಳಾನೂ ತೆಗೆದು, ದಿಬ್ಬಣ ಅಷ್ಟನ್ನೂ ಕರೆದ. ತನ್ನ ಬಲಗೈ ಎತ್ತಿ ತೋರಿಸಿದ. ಉಂಗುರದ ಬೆರಳಿನಾಗೆ ಕುಂಕುಮ ಇನ್ನೂ ಹಂಗೇ ಇತ್ತು.

"ಲಾರಿ ನಿಲ್ಸಿದ್ದು ಈ ಕೈ ಕಣ್ರಪ್ಪಾ. ಆ ಮಗು ಕಾಲಲ್ಲ. ನಾನು ಅಂದಿದ್ದು ತಪ್ಪಾತು ತಾಯಿ" ಅಂದ. ಕಡೀ ಮಾತು ಸಣ್ಣೀರಿ ಕಡೆ ತಿರುಗಿ ಅಂದಿದ್ದು.

ಯಾವಳೋ ಒಬ್ಬಳು ಮುದುಕಿ ಕಿಸಕ್ ಅಂದ್ಲು. ಅಷ್ಟೇ, ನಗು ಹತ್ಕಂತು. ನಗು ಅಂದ್ರೆ ಎಂಥಾ ನಗು, ಕಣಿವೆ ಕಲ್ಲೂ ನಕ್ಕವಂತೆ. ಜಂಪಣ್ಣನೂ ಕಡೀಗೆ ಕಟ್ಟೆ ಮ್ಯಾಲೆ ಕುಂತು ಹೊಟ್ಟೆ ಹಿಡ್ಕಂಡು ನಕ್ಕ. ಸಣ್ಣೀರಿ ಅವ್ವ ಮಾತ್ರ ಅವಾಗ ಜೋರಾಗಿ ಅತ್ತು ಬಿಟ್ಲು. ಈಗ ಅತ್ರೆ ಯಾರೂ ಏನೂ ಅನ್ನಂಗಿರ್ಲಿಲ್ಲವಲ್ಲ.

ಬುಡೇನ್ ಸಾಬ್ ಬಟ್ಟೆಗೆ ಒಂಚೂರು ಪೆಟ್ರೋಲು ಹಾಕಿ ತುಪ್ಪ, ಅರಿಶಿಣ ಎಲ್ಲಾ ಒರೆಸಿದ. ಉಪ್ಪುಕಾಗದದಾಗೆ ಪಾಯಿಂಟು ಮೆತ್ತಗೆ ಉಜ್ಜಿದ. ಎರಡು ತುಟಿ ನಡುವೆ ಎಷ್ಟು ಸಂದಿ ಬಿಡ್ಬೇಕು ಅಂತ ಒಂದು ಲೆಕ್ಕ ಇರುತ್ತೆ, ಅದನ್ನ ಉಗುರಿನಾಗೆ ನೋಡ್ದ ಅಂತ ಕೆಲವರು, ಬೀಡಿ ಎಲೆ ತೂರಿಸಿ ನೋಡ್ದ ಅಂತ ಕೆಲವರು. ನಾನೇನ್ ಅಲ್ಲಿ ನಿಂತಿದ್ನಾ? ಆ ಅಕ್ಷತೆ ಕಾಳು ಮಾತ್ರ ಬಿಸಾಡ್ಲಿಲ್ಲವಂತೆ, ತಗಂಡೋಗಿ ಚೌಡಮ್ಮನ ಕಟ್ಟೆ ಮ್ಯಾಲೆ ಇಟ್ನಂತೆ.

ಮತ್ತೆ ಸಾಲು ನಿಲ್ಲಿಸಿದ. ಈ ಸಲ ಸಣ್ಣೀರಿ ಕೈ ಹಿಡಿಯಾಕೆ ಗಂಡಿನ ಕಡೆ ಹೆಂಗಸ್ರು ನೂಕಾಡಿದ್ರು. ಮೈಲಾರಿ ಹ್ಯಾಂಡ್ಲು ಒಂದೇ ಒಂದು ಸುತ್ತು ಹೊಡೆದ ನೋಡ್ರಿ, ಬುಡೇನ್ ಸಾಬನಿಂದ ಹಿಡ್ದು ಸಣ್ಣೀರಿಗಂಟ ಇಡೀ ದಿಬ್ಬಣ ಒಂದು ಮಾರು ಮ್ಯಾಲಕ್ಕೆ ನೆಗೀತಂತೆ. ರುಮಾಲು ಬಿಚ್ಚಿ ಹೋದವು, ಎಲೆಅಡಿಕೆ ಬಾಯಿಂದ ಹಾರಿತು. ನಡ ಹಿಡ್ದೈತೆ ಅಂತ ಮೂರು ಮಂದಿ ಹಿಡ್ದು ಇಳಿಸಿದ್ದ ಮುದುಕ, ನೆಗೆದು ನೆಲಕ್ಕೆ ಬಿದ್ದೋನು, ತಾನೇ ನಡ್ಕಂಡು ಹೋಗಿ ಲಾರಿ ಹತ್ತಿದ ಅಂತಾರೆ. ಅಂತಾರಪ್ಪ, ನಾನಂತೂ ನಂಬ್ತೀನಿ.

ವೈರು ಮತ್ತೆ ಪ್ಲಗ್ಗಿಗೆ ಸಿಗಿಸಿದ್ದಾತು. ಲಾರಿ ಸ್ಟಾರ್ಟ್ ಮಾಡೋಕೆ ಮೈಲಾರಿ ಮತ್ತೆ ಹ್ಯಾಂಡ್ಲು ಹಿಡೀತಿದ್ದಂಗೆ ಬುಡೇನ್ ಸಾಬ್ ತಡೆದ. ಮದುಮಗಳನ್ನ ಕರೆದ. ಯಾರಿಂದ ನಿಂತಿತು ಅಂದಿದ್ರೋ ಅವಳಿಂದ್ಲೇ ಹೊರಡ್ಲಿ ಅನ್ನೋದು ಅವನ ಮನಸ್ನಾಗೆ ಇತ್ತು. ಬಾಯಿ ಬಿಟ್ಟು ಹೇಳ್ಲಿಲ್ಲ. ಅಷ್ಟು ಮಾತಾಡೋನು ಅದೊಂದನ್ನ ಹೇಳ್ಲಿಲ್ಲ. ಹೆಬ್ಬೆರಳು ಹಿಡಿಗೆ ಸುತ್ತಬ್ಯಾಡ ಮಗಾ, ಬೆರಳ ಪಕ್ಕಕ್ಕೇ ಇಟ್ಕ, ಹಿಂದಕ್ಕೆ ಒದ್ರೆ ಕೈ ಮುರಿಯುತ್ತೆ, ಕೆಳಗಿಂದ ಮ್ಯಾಲಕ್ಕೆ ಎಳಿ, ಅಂತ ಹೇಳಿಕೊಟ್ಟ. ಸಣ್ಣೀರಿ ಬಾವಿ ನೀರು ಸೇದಿದ ಕೈಯೋಳು. ಸೆರಗು ಸೊಂಟಕ್ಕೆ ಸಿಗಿಸಿ, ಬಾಸಿಂಗದ ದಾರ ಹಲ್ಲಿನಾಗೆ ಕಚ್ಕಂಡು, ಎಳೆದ್ಲು. ಒಂದೇ ಎಳೆತಕ್ಕೆ ಗಜಲಕ್ಷ್ಮಿ ಮೈ ಕೊಡವಿ ಎದ್ಲು. ಹೆಂಗಸ್ರು ಸೋಬಾನೆ ಎತ್ಕಂಡ್ರು. ಬುಡೇನ್ ಸಾಬನ್ನ ಹಂಗೇ ಎತ್ತಿ ಲಾರಿಯಾಗೆ ಹಾಕ್ಕಂಡು ಹೋದ್ರು. ದನ ಊರ ಬಾಗಿಲಿಗೆ ಬರ್ತಾ ಇರುವಾಗ ತಾಳಿ ಬಿತ್ತು. ಅವನು ಶೆಡ್ಡಿನ ಬಾಗ್ಲೂ ಮುಚ್ದೆ ಹೋಗಿದ್ದ, ಮೂರನೇ ದಿನ ಬಂದು ನೋಡಿದ್ರೆ ಒಂದು ನಟ್ಟೂ ಆಚೆ ಈಚೆ ಆಗಿರ್ಲಿಲ್ಲವಂತೆ. ಸಣ್ಣೀರಿ ಆ ಮನೇಲಿ ತುಂಬಿ ಬಾಳಿದ್ಲು. ತೌರಿಗೆ ಬರುವಾಗೆಲ್ಲಾ ಕಣಿವೆ ಹತ್ರ ಇಳಿದು, ಬುಡೇನಣ್ಣಗೆ ಅಂತ ಹೋಳಿಗೆ ಕೊಟ್ಟೇ ಬರೋಳು.

ಈಗ ಬುಡೇನ್ ಸಾಬ್ ಇಲ್ಲ. ಶೆಡ್ಡೂ ಇಲ್ಲ. ಆದ್ರೆ ನಮ್ಮ ಕಣಿವೆ ಆಚೆ ಈಚೆ ಊರುಗಳಾಗೆ ಯಾರ ಮನೆ ಮದುವೆ ಆಗ್ಲಿ, ದಿಬ್ಬಣದ ಗಾಡಿ ಹೊರಡೋ ಮುಂಚೆ ಗಂಡಿನ ಸೋದರಮಾವ ಎರಡೂ ಕೈ ತೊಳ್ಕಂಡು ಬಂದು, ಮದುಮಗಳ ಮುಂದೆ ಹತ್ತೂ ಬೆರಳು ಚಾಚಿ ತೋರಿಸ್ಬೇಕು. ಆಕೆ ನೋಡ್ಬೇಕು. ಆತು ಅನ್ಬೇಕು. ಆಮ್ಯಾಲೆ ಆಕೆನೇ ಗಾಡಿ ಕೀಲಿ ತಿರುಗಿಸ್ಬೇಕು. ಅಲ್ಲಿಗಂಟ ಗಂಡಿನ ಕಡೆಯೋರು ಒಬ್ಬರೂ ಗಾಡಿ ಹತ್ತಂಗಿಲ್ಲ, ಎಂಥಾ ದೊಡ್ಡ ಮನುಷ್ಯ ಆದ್ರೂ ಬಿಸಿಲಾಗೆ ನಿಂತಿರ್ಬೇಕು.

ಮೊನ್ನೆ ನಮ್ಮ ಬೀದಿ ಮದುವೇಲಿ ನೋಡಿದ್ರಲ್ಲ. ಆ ಮದುಮಗಳು ಗಂಡಿನ ಸೋದರಮಾವನ ಬೆರಳು ಒಂದೊಂದೇ ತಿರುಗಿಸಿ ನೋಡಿದ್ಲು, ಉಂಗುರದ ಬೆರಳು ಮೂಸಿಯೂ ನೋಡಿದ್ಲು. ಆಮ್ಯಾಲೆ ಮಖ ಎತ್ತಿ ಹೇಳಿದ್ಲು.

"ಇನ್ನೊಂದ್ಸಲ ತೊಳ್ಕಂಡು ಬರ್ರಿ ಮಾವ."

ಅವನು ಹೋಗಿ ತೊಳ್ಕಂಡು ಬಂದ.